ಅಲೆ ಒಡೆಯುವಲ್ಲಿ ಕೊಳೆ ನಿಲ್ಲುತ್ತದೆ

ಕಡಲಿಗೆ ಬಿದ್ದ ಹೊಲಸು ಅಲೆಗಳ ಹೊಡೆತಕ್ಕೆ ಚದುರಿ ಮಾಯವಾಗುತ್ತದೆ ಎಂದು ನಂಬಿದವರೇ ಹೆಚ್ಚು. ದಡದ ಹತ್ತಿರ ಎಷ್ಟೋ ಸಲ ಆಗುವುದು ಇದಕ್ಕೆ ತದ್ವಿರುದ್ಧ.

2023ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯವರು ಸ್ಯಾನ್ ಡಿಯಾಗೊ ಬಳಿಯ ಟೊರೆ ಪೈನ್ಸ್ ಕಿನಾರೆಯಲ್ಲಿ, ಅಳಿವೆಯಿಂದ ಹೊರಬೀಳುವ ನೀರಿಗೆ ಅಪಾಯವಿಲ್ಲದ ಗುಲಾಬಿ ಬಣ್ಣ ಬೆರೆಸಿದರು. ಅದು ಎತ್ತ ಸಾಗುತ್ತದೆಂದು ಆಕಾಶದಿಂದ ಡ್ರೋನ್‌ಗಳೂ ನೀರಿನಲ್ಲಿ ಉಪಕರಣಗಳೂ ಕಾದು ನೋಡಿದವು. ಅಳಿವೆಯ ನೀರಿನಲ್ಲಿ ಉಪ್ಪು ಕಡಿಮೆ. ಹಗುರವಾದ ಅದು ಕಡಲ ಮೇಲೆ ತೇಲಿ ಹೊರಗೆ ಹರಡಬೇಕು. ಆದರೆ ಎದುರಿಗೆ ಅಲೆಗಳಿವೆ. ಅಲೆ ಒಡೆದಾಗ ಅದು ದೂರದಿಂದ ಹೊತ್ತು ತಂದ ತಳ್ಳುಬಲ ಅಲ್ಲಿನ ನೀರಿಗೆ ಸೇರಿ, ಅಳಿವೆಯ ನೀರನ್ನು ದಡದತ್ತ ಒತ್ತಿ ಹಿಡಿಯುತ್ತದೆ. ಅಲೆಗಳು ಓರೆಯಾಗಿ ಬಂದರೆ ದಡದುದ್ದಕ್ಕೂ ಒಂದು ಹರಿವು ಹುಟ್ಟಿ, ಅಳಿವೆಯ ನೀರು ಹೊತ್ತ ಕೊಳೆ ಆಳಕ್ಕೆ ಹೋಗುವ ಬದಲು ಪಕ್ಕದ ಊರಿನ ಕಿನಾರೆಗೆ ಹೊರಡುತ್ತದೆ. ಮಕ್ಕಳು ನೀರಾಟವಾಡುವುದೂ ದಡಕ್ಕಂಟಿದ ಇದೇ ನೀರಿನ ಪಟ್ಟಿಯಲ್ಲಿ.

ಹೊರಗೆ ಹೋಗುವ ದಾರಿ ಇಲ್ಲವೆಂದಲ್ಲ. ಈಜುವವರು ಹೆದರುವ ಸೆಳೆತಗಳೇ ಕೊಳೆಯನ್ನು ಆಳಕ್ಕೆ ಒಯ್ಯುತ್ತವೆ. ಒಡೆಯುವ ಅಲೆ ಗಾಳಿಗುಳ್ಳೆಗಳ ಮೂಲಕ ನೀರಿಗೆ ಆಮ್ಲಜನಕವನ್ನೂ ತುಂಬುತ್ತದೆ. ಅದೇ ಅಲೆ ತಳದ ಮರಳನ್ನು ಕದಡಿ ಅಲ್ಲಿ ಅಡಗಿದ ಬ್ಯಾಕ್ಟೀರಿಯಾಗಳನ್ನು ಮೇಲೆಬ್ಬಿಸುತ್ತದೆ. ರಾಡಿಯಾದ ನೀರಿನಲ್ಲಿ ಅವುಗಳನ್ನು ಕೊಲ್ಲುವ ಬಿಸಿಲು ಒಳಗಿಳಿಯುವುದಿಲ್ಲ.

ಗುಳ್ಳೆಗಳ ಇನ್ನೊಂದು ಕೆಲಸ ಹೆಚ್ಚು ಕಳವಳದ್ದು. ಒಡೆಯುವಾಗ ಅವು ಸಣ್ಣ ಸಣ್ಣ ಹನಿಗಳನ್ನು ಗಾಳಿಗೆ ಚಿಮ್ಮಿಸುತ್ತವೆ. ಮೆಕ್ಸಿಕೋದ ಟಿಹುವಾನಾ ನದಿಯ ಕೊಳಚೆ ಗಡಿ ದಾಟಿ ಬರುವ ಅಮೆರಿಕದ ಇಂಪೀರಿಯಲ್ ಬೀಚಿನಲ್ಲಿ, ವಿಜ್ಞಾನಿ ಕಿಂಬರ್ಲಿ ಪ್ರಾಥರ್ ಅವರ ತಂಡ ಕೊಳಚೆಯ ಬ್ಯಾಕ್ಟೀರಿಯಾಗಳ ಗುರುತನ್ನು ಗಾಳಿಯಲ್ಲೇ ಪತ್ತೆಹಚ್ಚಿ 2023ರಲ್ಲಿ ಪ್ರಕಟಿಸಿತು. ನೀರಿಗಿಳಿಯದೆ ದಡದಲ್ಲಿ ನಿಂತವರಿಗೂ ಕೊಳಚೆ ತಲುಪಬಲ್ಲದು.

ಮಳೆನೀರು ನೆಲದ ಕೊಳೆಯನ್ನು ಕಡಲಿಗೆ ತರುವುದರಿಂದ, ಮಳೆ ಬಂದ ಮೇಲೆ 72 ಗಂಟೆ ಕಡಲಿಗಿಳಿಯಬೇಡಿ ಎಂದು ಸ್ಯಾನ್ ಡಿಯಾಗೊ ಆಡಳಿತ ಜನರನ್ನು ಎಚ್ಚರಿಸುತ್ತದೆ. ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳ ಅಳಿವೆಗಳಿರುವ ನಮ್ಮ ಕರಾವಳಿಯಲ್ಲೂ ಅಲೆ ಒಡೆಯುವ ಬಗೆ ಬೇರೆಯಲ್ಲ. ದೊಡ್ಡ ಮಳೆ ಸುರಿದ ಮರುದಿನ ಅಳಿವೆಯ ಪಕ್ಕದಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ. ಕಡಲು ಶಾಂತವಾಗಿ ಕಂಡರೂ ಬಿಡಬೇಡಿ.