ಹುಲಿಯ ಬಾಯಲ್ಲಿ ಚಕಮಕಿ: ಶ್ರೀರಂಗಪಟ್ಟಣದ ಬೇಟೆಕೋವಿಗಳ ಕುಸುರಿ

ಚಕಮಕಿ ಕೋವಿಗೆ ಜೀವ ಬರುವುದು ಒಂದು ಕಿಡಿಯಿಂದ. ಕೋವಿಯ ಪಕ್ಕೆಯಲ್ಲಿ ಕೂತ ಯಂತ್ರದಲ್ಲಿ ಒಂದು ಬಾಗಿದ ಕೊಕ್ಕೆ ಇರುತ್ತದೆ, ಅದರ ಎರಡು ದವಡೆಗಳ ನಡುವೆ ಚಕಮಕಿ ಕಲ್ಲನ್ನು ಬಿಗಿದಿರುತ್ತಾರೆ. ಟ್ರಿಗರ್ ಎಳೆದಾಗ ಸ್ಪ್ರಿಂಗು ಆ ಕೊಕ್ಕೆಯನ್ನು ಮುಂದಕ್ಕೆ ಬೀಸುತ್ತದೆ. ಕಲ್ಲು ಎದುರಿನ ಉಕ್ಕಿನ ಫಲಕವನ್ನು ಹೆರೆಯುತ್ತದೆ. ಹೆರೆದು ಬಂದ ಉಕ್ಕಿನ ಪುಡಿಯೇ ಗಾಳಿಯಲ್ಲಿ ಉರಿದು ಕಿಡಿಯಾಗುತ್ತದೆ, ಕೆಳಗಿನ ಬಟ್ಟಲಿನ ಮದ್ದಿಗೆ ಬೀಳುತ್ತದೆ. ಬಟ್ಟಲಿನ ಉರಿ ಸಣ್ಣ ರಂಧ್ರದ ಮೂಲಕ ನಳಿಕೆಯೊಳಗೆ ಹಾಯುತ್ತದೆ, ಗುಂಡು ಹೊರಡುತ್ತದೆ.

ಶ್ರೀರಂಗಪಟ್ಟಣದ ಕೆಲಸಗಾರರು ಟಿಪ್ಪು ಸುಲ್ತಾನನಿಗಾಗಿ ಮಾಡಿದ ಕೆಲವು ಕೋವಿಗಳಲ್ಲಿ ಈ ಕೊಕ್ಕೆಯೇ ಹುಲಿ. ಕಲ್ಲು ಇರುವುದು ಹುಲಿಯ ಬಾಯಲ್ಲಿ. ಅಂದರೆ ಕುಸುರಿಯನ್ನು ಮೇಲಿನಿಂದ ಅಂಟಿಸಿಲ್ಲ, ಕಲ್ಲು ಕಚ್ಚಿ ಹಿಡಿಯುವ ಕೆಲಸವನ್ನೇ ಹುಲಿಗೆ ಒಪ್ಪಿಸಿದ್ದಾರೆ. ಚೆಂದದ ಕೋವಿಯನ್ನು ಎಲ್ಲಿಂದ ನೋಡಲು ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ದವಡೆಯನ್ನೇ ತೋರಿಸುತ್ತೇನೆ. ಕೆತ್ತಿದವನಿಗೆ ಸ್ಪ್ರಿಂಗಿನ ಸೆಟೆತ, ಕಲ್ಲಿನ ಕೋನ, ಬಡಿತದ ಆಘಾತ ಎಲ್ಲವೂ ತಿಳಿದಿರಬೇಕಿತ್ತು. ಹುಲಿಯ ಕತ್ತು ಚೂರು ತೆಳುವಾದರೂ ಹತ್ತಾರು ಬಡಿತಕ್ಕೆ ಸೀಳಿಹೋಗುತ್ತಿತ್ತು.

ತುಂಗಭದ್ರೆಯ ಮಗ್ಗುಲ ದೇಶನೂರು, ಸಿರುಗುಪ್ಪ, ಕುರುಗೋಡಿನ ಓದುಗರಿಗೆ ಶ್ರೀರಂಗಪಟ್ಟಣ ದೂರದ ಊರು. ಆದರೆ ಒಂದು ಕಾಲಕ್ಕೆ ಈ ಸೀಮೆಯ ಹಣೆಬರಹ ನಿರ್ಧಾರವಾಗುತ್ತಿದ್ದುದು ಅಲ್ಲಿಯೇ. ಬಳ್ಳಾರಿ ಕೋಟೆಯನ್ನು ಹೈದರಾಲಿ ಹಿಡಿದ. ನಮ್ಮ ನೆರೆಯ ಆದವಾನಿಯನ್ನು ಟಿಪ್ಪು 1786ರಲ್ಲಿ ಮುತ್ತಿ ಗೆದ್ದ. 1792 ಮತ್ತು 1799ರ ಒಪ್ಪಂದಗಳಲ್ಲಿ ಈ ಭಾಗವೆಲ್ಲ ನಿಜಾಮನ ಕೈಸೇರಿ, 1800ರಲ್ಲಿ ಅವನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ನಮ್ಮ ಸೀಮೆ ಕಟ್ಟಿದ ಕಂದಾಯದಲ್ಲಿ ಒಂದಿಷ್ಟು ಶ್ರೀರಂಗಪಟ್ಟಣದ ಕೋವಿ ಕಾರ್ಖಾನೆಗಳ ಕುಲುಮೆಗೂ ಸಂದಿರಬೇಕು.

ಆ ಕಾರ್ಖಾನೆಗಳು ಸಣ್ಣವಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಕಂಪನಿಯವರು ಒಳಗಿನದನ್ನೆಲ್ಲ ಪಟ್ಟಿ ಮಾಡಿದರು. ಫಿರಂಗಿ ಎರಕದ ಎರಡು ಶಾಲೆ, ಫಿರಂಗಿ ಮತ್ತು ಕೋವಿಯ ನಳಿಕೆ ಕೊರೆಯುವ ಯಂತ್ರಗಳಿದ್ದ ಮೂರು ಕಟ್ಟಡ, ದೊಡ್ಡ ಆಯುಧಾಗಾರಗಳು ಅದರಲ್ಲಿವೆ. ಸೈನಿಕರ ಸಾದಾ ಕೋವಿಗಳು ಸಾವಿರಗಟ್ಟಲೆ ಹೊರಬರುತ್ತಿದ್ದ ಈ ಏರ್ಪಾಡಿನ ಒಳಗೇ ಸುಲ್ತಾನನ ಸ್ವಂತ ಬಳಕೆಗೆ, ಬೇಟೆಗೆ, ಉಡುಗೊರೆಗೆ ಒಂದೊಂದಾಗಿ ಮಾಡುವ ಕೆಲಸವೂ ನಡೆಯುತ್ತಿತ್ತು. ಟಿಪ್ಪು 1787ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಆಸ್ಥಾನಕ್ಕೆ ರಾಯಭಾರಿಗಳನ್ನು ಕಳಿಸಿದಾಗ ಕೇಳಿದ್ದರಲ್ಲಿ ಕುಶಲಕರ್ಮಿಗಳೂ ಸೇರಿದ್ದರು. ಕೆಲವರು ಬಂದರು ಕೂಡ. ಹಾಗಾಗಿ ಪಟ್ಟಣದ ಕೋವಿಯ ಯಂತ್ರಭಾಗದಲ್ಲಿ ಯುರೋಪಿನ ಮಾದರಿ ಕಾಣುತ್ತದೆ. ಮೈಮೇಲಿನ ಬರಹ, ಚಿನ್ನ, ಬೆಳ್ಳಿ, ಹುಲಿಪಟ್ಟೆಗಳು ಮಾತ್ರ ಪೂರ್ತಿ ಇಲ್ಲಿಯವು.

ಈಗ ನಳಿಕೆಗೆ ಬರೋಣ. ಕೋವಿಯ ಕಷ್ಟವೆಲ್ಲ ಇರುವುದು ಇಲ್ಲಿ. ಒಳ್ಳೆಯ ಬೇಟೆಕೋವಿಗೆ ಹಾಳೆಯನ್ನು ಉದ್ದಕ್ಕೆ ಮಡಿಸಿ ಬೆಸೆದ ಕೊಳವೆ ಸಾಲದು, ಉದ್ದದ ಬೆಸುಗೆ ಸ್ಫೋಟದ ಒತ್ತಡಕ್ಕೆ ಅಲ್ಲಿಯೇ ಬಾಯಿ ಬಿಡಬಹುದು. ಅದಕ್ಕೆ ಕಬ್ಬಿಣದ ಉದ್ದನೆಯ ಪಟ್ಟಿಯನ್ನು ಕೆಂಪಗೆ ಕಾಯಿಸಿ, ತಲೆಗೆ ರುಮಾಲು ಸುತ್ತಿದ ಹಾಗೆ ಒಂದು ಸಲಾಕೆಗೆ ಓರೆಯಾಗಿ ಸುತ್ತುತ್ತಾರೆ. ಸುತ್ತಿಗೂ ಸುತ್ತಿಗೂ ನಡುವಿನ ಕೂಡುಗೆರೆಯನ್ನು ಮತ್ತೆ ಬಿಳಿಗಾವಿಗೆ ಕಾಯಿಸಿ, ಬಿಳಿಗಾರ ಉದುರಿಸಿ ಬಡಿದು ಒಂದಾಗಿಸುತ್ತಾರೆ. ಬಿಳಿಗಾರ ಕರಗಿ ತುಕ್ಕಿನ ಪದರವನ್ನು ಹೊತ್ತೊಯ್ಯದಿದ್ದರೆ ಎರಡು ಕಬ್ಬಿಣ ಒಂದಾಗುವುದೇ ಇಲ್ಲ. ಒಮ್ಮೆಗೆ ಕೆಲವೇ ಅಂಗುಲ ಬೆಸೆಯಬಹುದು. ಕಾವು ಕಡಿಮೆಯಾದರೆ ಒಳಗೆ ಕಾಣದ ಬಿರುಕು ಉಳಿಯುತ್ತದೆ, ಹೆಚ್ಚಾದರೆ ಕಬ್ಬಿಣವೇ ಸುಟ್ಟು ಹಾಳು. ಸರಿಯಾದ ಕಾವನ್ನು ಹೇಳುವ ಉಪಕರಣ ಕುಲುಮೆಯಲ್ಲಿ ಇರಲಿಲ್ಲ, ಕಮ್ಮಾರನ ಕಣ್ಣೇ ಬಣ್ಣ ನೋಡಿ ಹೇಳಬೇಕು.

ಲೋಹದ ವಿಷಯದಲ್ಲಿ ನಮ್ಮ ನಾಡಿಗೆ ಯಾರಿಂದಲೂ ಕಲಿಯುವಂಥದ್ದು ಹೆಚ್ಚಿರಲಿಲ್ಲ. ಕಂಪನಿಯ ಪರವಾಗಿ ಫ್ರಾನ್ಸಿಸ್ ಬುಕನನ್ 1800ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಮಧುಗಿರಿ ಕಡೆ ಉಕ್ಕು ಮಾಡುವ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಟ್ಟಿಗೆ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುವುದು ಆ ವಿಧಾನ. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತದೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಅವನು ಕಂಡ. ಇಂಥ ಉಕ್ಕಿನ ಗುಟ್ಟು ಹುಡುಕಲು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಗಳು ಮುಂದೆ ಪ್ರಯೋಗಗಳನ್ನೇ ಮಾಡಿದರು. ನಮ್ಮ ಹೊಸಪೇಟೆ ಮಗ್ಗುಲ ಕಮಲಾಪುರದವರು ಜಂಬುನಾಥ ಗುಡ್ಡದ ಅದಿರಿನ ಕಬ್ಬಿಣದಿಂದ ಬೆಲ್ಲ ಕಾಯಿಸುವ ಕೊಪ್ಪರಿಗೆ ಬಡಿಯುತ್ತಿದ್ದರು. ಅಷ್ಟು ಅಗಲದ ಕೊಪ್ಪರಿಗೆಯನ್ನು ತುಂಡು ತುಂಡು ಸೇರಿಸಿ ಸೋರದಂತೆ ಬಡಿಯುವುದೂ ಕುಲುಮೆಯ ಬೆಸುಗೆಯ ವಿದ್ಯೆಯೇ.

ಆದರೂ ಎಲ್ಲಕ್ಕೂ ಉಕ್ಕು ಒಳ್ಳೆಯದು ಎಂದುಕೊಳ್ಳಬಾರದು. ಗಡಸು ಉಕ್ಕು ಕತ್ತಿಯ ಅಲಗಿಗೆ ಸರಿ, ಕಿಡಿ ಕೊಡುವ ಫಲಕದ ಮುಖಕ್ಕೆ ಸರಿ. ನಳಿಕೆಗೆ ಬೇಕಾದ್ದು ಒತ್ತಡಕ್ಕೆ ಹಿಗ್ಗಿ ಮತ್ತೆ ಕುಗ್ಗುವ, ಸಿಡಿಯದ ಕಬ್ಬಿಣ. ಸ್ಪ್ರಿಂಗಿಗೆ ಇವೆರಡರ ನಡುವಿನದು: ಮೊದಲು ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಆಮೇಲೆ ಮೆಲ್ಲನೆ ಕಾಯಿಸುತ್ತ ಮೈ ಹುಲ್ಲುಹಳದಿಯಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗುವ ಹೊತ್ತಿಗೆ ನಿಲ್ಲಿಸಬೇಕು. ಆ ನೀಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನ ಗುರುತು. ಒಂದೇ ಕೋವಿಯೊಳಗೆ ಮೂರು ಸ್ವಭಾವದ ಕಬ್ಬಿಣ ಬೇಕೆಂದು ಅರಿಯುವುದು ಈ ಕಸುಬಿನ ಮೊದಲ ಪಾಠ.

ಬೆಸೆದ ನಳಿಕೆಯ ಒಳಗನ್ನು ಹಂತ ಹಂತವಾಗಿ ದೊಡ್ಡ ಕೊರೆಕಡ್ಡಿಗಳಿಂದ ಕೊರೆದು ನಯ ಮಾಡುತ್ತಾರೆ. ಕೊರೆಯುವಾಗ ನಳಿಕೆ ಸ್ವಲ್ಪವಾದರೂ ಸೊಟ್ಟಗಾಗುತ್ತದೆ. ಅದನ್ನು ಕಂಡುಹಿಡಿಯುವ ಬಗೆ ನನಗೆ ತುಂಬ ಇಷ್ಟ: ಬೆಳಕಿನ ಕಡೆ ಹಿಡಿದು ಒಳಗೆ ಇಣುಕಿದರೆ ಹೊಳೆಯುವ ಗೋಡೆಯ ಮೇಲೆ ಒಂದು ನೆರಳಿನ ಗೆರೆ ಓಡುತ್ತದೆ. ಗೆರೆ ನೆಟ್ಟಗಿದ್ದರೆ ನಳಿಕೆ ನೆಟ್ಟಗಿದೆ. ಎಲ್ಲಿ ಮುರಿಯಿತೋ ಅಲ್ಲಿಗೆ ಹೊರಗಿನಿಂದ ಒಂದು ಹದವಾದ ಪೆಟ್ಟು. ಕೊನೆಗೆ ಹೊರಮೈಗೆ ಅನ್ನಭೇದಿಯಂಥ ಲವಣದ ನೀರು ಸವರಿದರೆ ಸುತ್ತಿದ ಪಟ್ಟಿಗಳ ಗೆರೆಗಳು ಅಲೆಯಂತೆ ಎದ್ದು ಬರುತ್ತವೆ. ನೋಡುವವನಿಗೆ ಅದು ಅಲಂಕಾರ. ಬಲ್ಲವನಿಗೆ ಬೆಸುಗೆ ಎಲ್ಲಿಯೂ ತಪ್ಪಿಲ್ಲ ಎಂಬ ಸಾಕ್ಷಿ.

ರೈಫಲ್ ಆಗಬೇಕಾದರೆ ಇನ್ನೊಂದು ಕೆಲಸ ಉಂಟು. ನಳಿಕೆಯ ಒಳಗೋಡೆಗೆ ಸುರುಳಿಯಾದ ಗಾಡಿಗಳನ್ನು, ಎಂದರೆ ತೋಡುಗೆರೆಗಳನ್ನು, ಕೊರೆಯಬೇಕು. ಸುರುಳಿ ದಾರಿ ತೋರುವ ಒಂದು ಮಾದರಿ ಕಂಬಕ್ಕೆ ಕತ್ತರಿಸುವ ಹಲ್ಲನ್ನು ಜೋಡಿಸಿ, ಒಂದು ಗಾಡಿಗೆ ಹಲವು ಸಲ ಎಳೆಯುತ್ತ ಕೂದಲೆಳೆಯಷ್ಟು ಕಬ್ಬಿಣ ತೆಗೆಯುತ್ತ ಹೋಗಬೇಕು. ಆ ಸುರುಳಿಯಲ್ಲಿ ತಿರುಗುತ್ತ ಹೊರಟ ಗುಂಡು ಗಾಳಿಯಲ್ಲಿ ತಾನೂ ಬುಗುರಿಯಾಗಿ ದಿಕ್ಕು ತಪ್ಪದೆ ಹೋಗುತ್ತದೆ. ಹದಿನೆಂಟನೇ ಶತಮಾನದ ಕೋವಿಗಳಲ್ಲಿ ಹೆಚ್ಚಿನವು ಗಾಡಿಯಿಲ್ಲದ ನುಣುಪು ನಳಿಕೆಯವು, ಗಾಡಿಯ ನಳಿಕೆಗೆ ಗುಂಡು ತುಂಬುವುದು ನಿಧಾನ. ಬೇಟೆಗಾರನಿಗೆ ಆ ನಿಧಾನ ಅಡ್ಡಿಯಾಗುತ್ತಿರಲಿಲ್ಲ. ರೈಫಲ್ ಬೇಟೆಯವರ ಕೈಯಲ್ಲೇ ಮೊದಲು ಬೆಳೆದು ಸೈನ್ಯಕ್ಕೆ ಆಮೇಲೆ ಬಂದದ್ದು ಹಾಗಾಗಿಯೇ.

ಸುಲ್ತಾನನಿಗೆ ಬೇಗ ಹಾರಿಸುವ ಆಸೆಯೂ ಇತ್ತು. ಒಂದೇ ನಳಿಕೆಯಲ್ಲಿ ಒಂದರ ಹಿಂದೊಂದು ಎರಡು ಸಲದ ಮದ್ದುಗುಂಡು ತುಂಬಿ, ಮುಂದಿನದನ್ನು ಮೊದಲು, ಹಿಂದಿನದನ್ನು ಆಮೇಲೆ ಹಾರಿಸುವ ಬೆಳ್ಳಿ ಕಟ್ಟಿನ ಬೇಟೆಕೋವಿಯೊಂದು ಅವನ ಸಂಗ್ರಹದಲ್ಲಿತ್ತು. ಯೋಚಿಸಿ ನೋಡಿ: ಮುಂದಿನ ಮದ್ದಿನ ಉರಿ ಹಿಂದಕ್ಕೆ ನುಸುಳಿದರೆ ಎರಡೂ ಒಟ್ಟಿಗೆ ಸಿಡಿದು ನಳಿಕೆಯೇ ಒಡೆಯುತ್ತದೆ. ಹಿಂದಿನ ಗುಂಡೇ ನಡುವಿನ ಬಿರಡೆಯಾಗಿ ಕೂರಬೇಕು. ಒಳಗಿನ ಕೊರೆತ ಎಷ್ಟು ಕರಾರುವಾಕ್ಕಾಗಿದ್ದರೆ ಇಂಥದ್ದನ್ನು ದೊರೆಯ ಭುಜಕ್ಕೆ ಒರಗಿಸಲು ಧೈರ್ಯ ಬಂದೀತು! 2015ರಲ್ಲಿ ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಅದು ಏಳು ಲಕ್ಷ ಪೌಂಡಿಗೂ ಹೆಚ್ಚಿಗೆ ಮಾರಾಟವಾಯಿತು.

ಕೆತ್ತನೆಯ ಸರದಿ ಬರುವುದು ಯಂತ್ರವೆಲ್ಲ ಜೋಡಿಸಿ, ಸರಿಯಾಗಿ ಓಡುತ್ತದೆ ಎಂದು ಗೊತ್ತಾಗಿ, ಮತ್ತೆ ಬಿಚ್ಚಿದ ಮೇಲೆ. ಕಬ್ಬಿಣದ ಮೇಲೆ ಚಿನ್ನ ಕೂರಿಸಲು ಎರಡು ದಾರಿ. ಆಳವಾದ ಗೀರು ಕೊರೆದು, ಗೀರಿನ ಬುಡವನ್ನು ಬಾಯಿಗಿಂತ ಕೊಂಚ ಅಗಲ ಮಾಡಿ, ಚಿನ್ನದ ತಂತಿಯನ್ನು ಅದರೊಳಗೆ ಬಡಿಯುವುದು ಒಂದು. ಮೆತ್ತನೆಯ ಚಿನ್ನ ಹರಡಿ ಬುಡದ ಅಗಲವನ್ನು ತುಂಬುತ್ತದೆ, ಮತ್ತೆ ಹೊರಬರಲಾರದು. ಅಂಟೂ ಇಲ್ಲ, ಬೆಸುಗೆಯೂ ಇಲ್ಲ. ಇನ್ನೊಂದು ಕೋಫ್ತಗಾರಿ: ಕಬ್ಬಿಣದ ಮೈಯನ್ನು ಸಣ್ಣ ಉಳಿಯಿಂದ ಅಡ್ಡಾದಿಡ್ಡಿ ಒತ್ತಾಗಿ ಗೀರಿ ಒರಟು ಮಾಡಿ, ತೆಳು ತಂತಿಯನ್ನು ಅದರ ಮೇಲೆ ಒತ್ತಿ ಬಡಿದು, ಅಕೀಕು ಕಲ್ಲಿನಿಂದ ಉಜ್ಜುವುದು. ಇದಕ್ಕೆ ಚಿನ್ನ ಕಡಿಮೆ ಸಾಕು, ಆದರೆ ಕೈ ತಾಕಿ ತಾಕಿ ಸವೆಯುತ್ತದೆ.

ಇವೆರಡರಲ್ಲಿ ಮೊದಲನೆಯ ವಿದ್ಯೆಯ ಹತ್ತಿರದ ನೆಂಟನನ್ನು ಕಣ್ಣಾರೆ ನೋಡಲು ನಮ್ಮ ಕಲ್ಯಾಣ ಕರ್ನಾಟಕ ಬಿಟ್ಟು ಹೋಗಬೇಕಿಲ್ಲ. ಬೀದರಿನ ಬಿದರಿ ಕೆಲಸಗಾರರು ಸತುವಿಗೆ ಕೊಂಚ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯ ಮೈಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಬರಿಗೈಯಲ್ಲಿ ಚಿತ್ರ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಆಮೇಲೆ ಬೀದರ ಕೋಟೆಯ ಹಳೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದಿದರೆ ಮಿಶ್ರಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಸತು ಕಬ್ಬಿಣಕ್ಕಿಂತ ಮೆತ್ತಗೆ, ಅಷ್ಟರಮಟ್ಟಿಗೆ ಬಿದರಿಯ ಉಳಿಗೆ ಸುಲಭ. ಕೋವಿಯ ಕಬ್ಬಿಣದಲ್ಲಿ ಉಳಿ ಜಾರಿದರೆ ಅಷ್ಟು ದಿನದ ನಳಿಕೆಗೆ ಕಳಂಕ.

ಶ್ರೀರಂಗಪಟ್ಟಣದ ಕೋವಿಯ ಮೇಲೆ ಏನೇನು ಕೆತ್ತಿದ್ದಾರೆ? ಹುಲಿಪಟ್ಟೆ, ಎಂದರೆ ಬಬ್ರಿ, ಎಲ್ಲೆಲ್ಲೂ ಇದೆ. ನಳಿಕೆಯ ಮೇಲೆ ಪಾರಸಿಯಲ್ಲಿ ಸುಲ್ತಾನನ ಹೊಗಳಿಕೆ. ಪಟ್ಟೆಯ ಆಕಾರದೊಳಗೆ ಹೈದರನ ಹೆಸರು ಅಡಗಿಸಿದ ಮುದ್ರೆ. ಕೆಲವುಗಳ ಬೆಳ್ಳಿಯ ಕಟ್ಟಿನಲ್ಲಿ ಹುಲಿ ಯುರೋಪಿನ ಸೈನಿಕನನ್ನು ಕೆಡವಿಕೊಂಡಿದೆ. ವರ್ಷವನ್ನು ಟಿಪ್ಪು 1787ರ ಸುಮಾರಿಗೆ ಜಾರಿಗೆ ತಂದ ಮೌಲೂದಿ ಶಕೆಯಲ್ಲಿ ಹಾಕಿದ್ದಾರೆ. ಇವೆಲ್ಲಕ್ಕಿಂತ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಸಣ್ಣ ಬರಹದ ಮೇಲೆ. ಅದು ಮಾಡಿದವನ ಹೆಸರು. ಅಸದ್ ಖಾನ್ ಮುಹಮ್ಮದ್, ಸಯ್ಯಿದ್ ಮಾಸೂಮ್ ಎಂಬ ಹೆಸರುಗಳು ಹಾಗೆ ಉಳಿದಿವೆ. ನಮ್ಮ ನಾಡಿನಲ್ಲಿ ಗುಡಿ ಕಟ್ಟಿದ ಶಿಲ್ಪಿಗಳಲ್ಲಿ ಕೆಲವರ ಹೆಸರು ಗೊತ್ತು, ಕಮ್ಮಾರರ ಹೆಸರು ಉಳಿದದ್ದು ತೀರ ಅಪರೂಪ. ಸುಲ್ತಾನನ ಮುದ್ರೆಯ ಜೊತೆಗೆ, ಅದೇ ಲೋಹದ ಮೇಲೆ, ಒಬ್ಬ ಕೆಲಸಗಾರನ ಹೆಸರಿಗೂ ಜಾಗ ಸಿಕ್ಕಿತಲ್ಲ, ಅದು ದೊಡ್ಡ ಮಾತು.

ಇಂದು ಲಂಡನ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಗಿರಾಕಿಯ ಅಳತೆಗೆ ಕೋವಿ ಮಾಡುವ ಹಳೆಯ ಮನೆಗಳು ಇನ್ನೂ ಇವೆ. ವೆಸ್ಟ್ಲಿ ರಿಚರ್ಡ್ಸ್ 1812ರಿಂದ, ಪರ್ಡಿ 1814ರಿಂದ, ಹಾಲೆಂಡ್ ಅಂಡ್ ಹಾಲೆಂಡ್ 1835ರಿಂದ ನಡೆದುಬಂದಿವೆ. ನಮ್ಮ ದೇಶದ ರಾಜಮಹಾರಾಜರು ಇಂಥ ಮನೆಗಳ ದೊಡ್ಡ ಗಿರಾಕಿಗಳಾಗಿದ್ದರು. ಅಲ್ಲಿ ನಳಿಕೆಯವನು, ಯಂತ್ರದವನು, ಮರದವನು, ಕೆತ್ತುವವನು ಬೇರೆ ಬೇರೆ. ಎರಡು ಉಕ್ಕಿನ ಭಾಗ ಕೂಡುವಲ್ಲಿ ಒಂದಕ್ಕೆ ದೀಪದ ಮಸಿ ಹಿಡಿಸಿ, ಇನ್ನೊಂದಕ್ಕೆ ಒತ್ತಿ, ಮಸಿ ತಾಗಿದ ಉಬ್ಬನ್ನಷ್ಟೇ ಅರದಿಂದ ಉಜ್ಜುತ್ತಾರೆ. ಮಸಿ ಎಲ್ಲೆಡೆ ಸಮನಾಗಿ ಹತ್ತುವ ತನಕ ಹೀಗೇ. ಮರಕ್ಕೂ ಅದೇ ಕ್ರಮ. ಜೋಡಿನಳಿಕೆಯ ರೈಫಲ್ಲಿನಲ್ಲಿ ಎರಡೂ ನಳಿಕೆಯ ಗುಂಡು ಒಂದೇ ಜಾಗಕ್ಕೆ ಬೀಳುವಂತೆ, ಹಾರಿಸಿ ನೋಡಿ, ನಡುವಿನ ಬೆಣೆಯನ್ನು ಚೂರು ಸರಿಸಿ, ಮತ್ತೆ ಬೆಸೆದು, ಮತ್ತೆ ಹಾರಿಸುತ್ತಾರೆ. ಒಂದು ಕೋವಿಗೆ ನೂರಾರು ಗಂಟೆಯ ಕೈಕೆಲಸ ಬೇಕು.

ಶ್ರೀರಂಗಪಟ್ಟಣದ ಕೆಲಸ ಮಾತ್ರ 1799ರಲ್ಲೇ ನಿಂತಿತು. ಕೋವಿಗಳು ಗೆದ್ದವರ ಪಾಲಾಗಿ ಬ್ರಿಟನ್ನಿನ ಅರಮನೆ, ಬಂಗಲೆ, ವಸ್ತುಸಂಗ್ರಹಾಲಯಗಳಿಗೆ ಹಂಚಿಹೋದವು. ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕ ಅವುಗಳನ್ನು ಹುಡುಕಿ ಕೂಡಿಸಿ 1992ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅವನ ಸಂಗ್ರಹವೂ 2005ರಲ್ಲಿ ಸೊದೆಬೀಸ್ ಹರಾಜಿನಲ್ಲಿ ಚದುರಿತು. ಇಷ್ಟು ಸೂಕ್ಷ್ಮ ಕೆಲಸ ನಮ್ಮ ನೆಲದಲ್ಲಿ ಆದದ್ದು, ಅದನ್ನು ಅಳೆದು ಬರೆದಿಡುವ ಕೆಲಸ ಮಾತ್ರ ಅಲ್ಲಿ ಆಯಿತು ಎಂಬುದು ನನಗೆ ನೋವಿನ ಸಂಗತಿ.

ಕರ್ನಾಟಕದಲ್ಲಿ ಕೋವಿ ಮನೆಯ ವಸ್ತುವಾಗಿ ಉಳಿದಿರುವುದು ಕೊಡಗಿನಲ್ಲಿ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಪರವಾನಗಿಯ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಅಲ್ಲಿನ ರೂಢಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಒರೆಸಿ, ಎಣ್ಣೆ ಹಚ್ಚಿ, ನಳಿಕೆಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು, ಮುಗಿದದ್ದೇ ಒಳ್ಳೆಯದು. ಈಗ ಅಲ್ಲಿ ಗುರಿ ಇಡುವುದು ತೆಂಗಿನಕಾಯಿಗೆ.

ಯಾವುದಾದರೂ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಹಳೆಯ ಕೋವಿ ಕಂಡರೆ ಚಿನ್ನವನ್ನು ಕೊನೆಗೆ ನೋಡಿ. ಮೊದಲು ಮರ ಕಬ್ಬಿಣಕ್ಕೆ ಕೂಡುವ ಗೆರೆ ನೋಡಿ, ಅಲ್ಲಿ ಸಂದು ಕಂಡರೆ ಕೆಲಸ ಸಾದಾ. ತಿರುಪುಗಳ ತಲೆಯ ಗೀರು ನೋಡಿ, ಉತ್ತಮ ಇಂಗ್ಲಿಷ್ ಕೋವಿಗಳಲ್ಲಿ ಅವೆಲ್ಲ ನಳಿಕೆಯ ಉದ್ದಕ್ಕೇ ತಿರುಗಿ ನಿಂತಿರುತ್ತವೆ. ನಳಿಕೆಯ ಮೈಯಲ್ಲಿ ಸುತ್ತಿನ ಗೆರೆ ಎಲ್ಲಿಯಾದರೂ ಕಡಿದಿದೆಯೇ ನೋಡಿ. ಆಮೇಲೆ ಬಾಗಿ, ಯಂತ್ರಫಲಕದ ಮೇಲೆ, ಮುದ್ರೆಯ ಆಸುಪಾಸಿನಲ್ಲಿ, ಮಾಡಿದವನ ಹೆಸರು ಹುಡುಕಿ.