ಕೆರೆ ದಂಡೆಯ ಸೈಟು ಮತ್ತು ಹಾಜರಾ(ಅ)ರ ಷರತ್ತು

ನನ್ನ ಪತ್ನಿಯ ತಮ್ಮ ಬೆಂಗಳೂರಿನಿಂದ ಬಂದಾಗಲೆಲ್ಲ ಒಂದೇ ಮಾತು. “ಭಾಯಿಜಾನ್, ಇನ್ನೆಷ್ಟು ವರ್ಷ ಈ ಬರದ ಹಳ್ಳಿಯಲ್ಲಿರುತ್ತೀರಿ? ಹೆದ್ದಾರಿಗೆ ಹತ್ತಿರ, ಕೆರೆಯ ದಂಡೆಯಲ್ಲೇ ಬಡಾವಣೆಯಾಗುತ್ತಿದೆ. ಕಿಟಕಿ ತೆರೆದರೆ ನೀರು, ತಂಪು ಗಾಳಿ. ಒಂದು ಸೈಟು ಹಿಡಿದುಬಿಡಿ.” ಅವನು ತಂದ ಬಣ್ಣದ ಕರಪತ್ರದಲ್ಲಿ ನೀಲಿ ನೀರು, ನೀರಿನ ಮೇಲೆ ದೋಣಿ, ದಂಡೆಯಲ್ಲಿ ನಗುತ್ತಿರುವ ಒಂದು ಕುಟುಂಬ. ನಮ್ಮ ಹುಲಿಕುಂಟೆ ಸೀಮೆಯಲ್ಲಿ ದೋಣಿ! ನನ್ನ ಅಮ್ಮಿ ಕನ್ನಡಕ ಏರಿಸಿಕೊಂಡು ಅದನ್ನು ತುಂಬ ಹೊತ್ತು ನೋಡಿದರು. ಕೊನೆಗೆ “ಇದು ಯಾವ ತಿಂಗಳಲ್ಲಿ ತೆಗೆದ ಫೋಟೋ ಬೇಟಾ?” ಎಂದು ಕೇಳಿದರು.

ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಆದರೂ ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಮಗಳು ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು. ಅಮ್ಮಿಗೆ ರಾತ್ರಿ ಉಸಿರು ಕಟ್ಟಿದರೆ ಆಸ್ಪತ್ರೆ ದೂರ. ಇಲ್ಲಿ ನಮ್ಮನ್ನು ಹಿಡಿದಿಟ್ಟಿರುವುದು ಮಸೀದಿ, ನಾನು ಓದಿದ ಮದ್ರಸ ಮತ್ತು ಅಬ್ಬಾ ಮಲಗಿರುವ ಖಬರಸ್ತಾನ. ಇಂತಹ ಲೆಕ್ಕಾಚಾರ ಇಂದು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲೂಕುಗಳ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಆದ್ದರಿಂದ ನಮ್ಮ ಮನೆಯ ಚರ್ಚೆಯನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮದು ಮರುಭೂಮಿಯಲ್ಲ, ಬಯಲುಸೀಮೆ. ಆದರೆ ಮಳೆ ಕೈಕೊಟ್ಟ ವರ್ಷ ಎರಡಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಹುಲಿಕುಂಟೆ ಎಂಬ ಹೆಸರಿನಲ್ಲೇ ಕುಂಟೆಯಿದೆ. ಹಿರಿಯರು ಊರು ಕಟ್ಟುವ ಮೊದಲು ನೀರು ನಿಲ್ಲುವ ಜಾಗ ನೋಡುತ್ತಿದ್ದರು ಎಂಬುದಕ್ಕೆ ಈ ಭಾಗದ ಕುಂಟೆ, ಕೆರೆ, ಹಳ್ಳಗಳ ಹೆಸರು ಹೊತ್ತ ಊರುಗಳೇ ಸಾಕ್ಷಿ. ಆದರೆ ಅವರು ಮನೆಯನ್ನು ಕೆರೆಯಂಗಳದಲ್ಲಿ ಕಟ್ಟಲಿಲ್ಲ, ಎತ್ತರದಲ್ಲಿ ಕಟ್ಟಿದರು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲಕ್ಕೂ ಅದರದರ ಜಾಗ ಬಿಟ್ಟಿದ್ದರು.

ಈ ಕೆರೆಗಳ ಸ್ವಭಾವ ತಿಳಿಯಲು ಹೆಚ್ಚು ಹಿಂದೆ ಹೋಗಬೇಕಿಲ್ಲ. 2022ರ ಮಳೆಗೆ ತುಮಕೂರು ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದವು. ಜನ ಕೋಡಿ ನೋಡಲು ಮಕ್ಕಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದರು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. ಒಂದು ವರ್ಷ ತೆಗೆದ ಫೋಟೋ ಮುಂದಿನ ವರ್ಷಕ್ಕೆ ಸುಳ್ಳಾಗುವ ನಾಡು ಇದು. ಅಮ್ಮಿ ಕೇಳಿದ ಪ್ರಶ್ನೆಯ ಅರ್ಥ ನನಗಾದದ್ದು ಆಗ.

ಹೇಮಾವತಿ ಬರುತ್ತದಲ್ಲ ಎನ್ನುವವರುಂಟು. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟೆಯ ನೀರು ಕಾಲುವೆಯಲ್ಲಿ ಹರಿದು ಕಳ್ಳಂಬೆಳ್ಳ ಕೆರೆಗೆ, ಅಲ್ಲಿಂದ ಶಿರಾ ದೊಡ್ಡ ಕೆರೆಗೆ ಬರುತ್ತದೆ. ಅಲ್ಹಮ್ದುಲಿಲ್ಲಾಹ್, ಅದರಿಂದ ಶಿರಾ ಪಟ್ಟಣಕ್ಕೆ ಕುಡಿಯಲು ನೀರಾಯಿತು. ಆದರೆ ಆ ನೀರು ಎಷ್ಟು ಕೈಗಳನ್ನು ದಾಟಿ ಬರಬೇಕು! ಮದಲೂರು ಕೆರೆಗೂ ಅದನ್ನು ಹರಿಸಬೇಕೆಂಬ ಬೇಡಿಕೆ ವರ್ಷಗಟ್ಟಲೆ ನಡೆದು, 2020ರ ಶಿರಾ ಉಪಚುನಾವಣೆಯಲ್ಲಿ ದೊಡ್ಡ ಭರವಸೆಯಾಗಿ ವೇದಿಕೆ ಏರಿತು. ನೀರು ಚುನಾವಣೆಯ ವಿಷಯವಾಗುವ ಕಡೆ ‘ಕೆರೆ ನೋಟ’ವನ್ನು ಶಾಶ್ವತವೆಂದು ಮಾರುವುದು ಧೈರ್ಯದ ಕೆಲಸವೇ ಸರಿ.

ಹಾಗೆ ಮಾರಿದ್ದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಮರುಭೂಮಿಯಲ್ಲಿ ಸಾಲ್ಟನ್ ಸೀ ಎಂಬ ವಿಶಾಲ ಸರೋವರವಿದೆ. 1905ರಲ್ಲಿ ಕೊಲರಾಡೋ ನದಿಯ ನೀರು ಕಾಲುವೆ ಒಡೆದು ತಗ್ಗಿಗೆ ನುಗ್ಗಿ ಅದು ತುಂಬಿತು. 1950ರ ದಶಕದಲ್ಲಿ ಅದರ ದಂಡೆಯಲ್ಲಿ ಬೀದಿ ಎಳೆದು, ಸಾವಿರಾರು ಸೈಟು ಮಾರಿ, ದೋಣಿ ಕಟ್ಟುವ ಕಟ್ಟೆಗಳನ್ನೂ ಮಾಡಿದರು. ಕ್ರಮೇಣ ನೀರು ಉಪ್ಪೇರಿತು, ಮೀನುಗಳು ರಾಶಿರಾಶಿಯಾಗಿ ಸತ್ತವು, ದಂಡೆ ಹಿಂದೆ ಸರಿಯಿತು. ಒಣಗಿದ ತಳದ ಧೂಳು ಸುತ್ತಲಿನ ಮಕ್ಕಳ ಉಬ್ಬಸಕ್ಕೆ ಕಾರಣವಾಗುತ್ತಿದೆ ಎಂಬ ಆತಂಕ ಇಂದಿಗೂ ಅಲ್ಲಿದೆ. ಮನೆಗಳೇ ಏಳದ ಬೀದಿಗಳು ಹಾಗೆಯೇ ಉಳಿದಿವೆ. ಇದನ್ನು ಹೇಳಿದಾಗ ನನ್ನ ಭಾವಮೈದುನ ನಕ್ಕ. “ಭಾಯಿಜಾನ್, ನೀವು ಶಿರಾದ ಸೈಟು ಕೇಳಿದರೆ ಅಮೆರಿಕಕ್ಕೆ ಹೋಗುತ್ತೀರಿ.” ಅವನ ಮಾತೂ ನಿಜವೇ. ಮೇಷ್ಟರ ರೋಗ ಅದು.

ಆದರೆ ನನ್ನ ಮನಸ್ಸು ಹೋದದ್ದು ಅಮೆರಿಕಕ್ಕಲ್ಲ, ಮಕ್ಕಾಕ್ಕೆ. ಮರುಭೂಮಿಯಲ್ಲಿ ನೀರಿನ ಬಳಿ ಬೆಳೆದ ವಸತಿ ಎಂದರೆ ನಮಗೆಲ್ಲ ಮೊದಲು ನೆನಪಾಗಬೇಕಾದದ್ದು ಅದು. ಹಝ್ರತ್ ಹಾಜರಾ(ಅ) ಹಸುಳೆ ಇಸ್ಮಾಈಲ್(ಅ)ರಿಗಾಗಿ ಸಫಾ ಮರ್ವಾಗಳ ನಡುವೆ ಓಡಿದ್ದನ್ನು ಮದ್ರಸದ ಪುಟ್ಟ ಮಕ್ಕಳೂ ಹೇಳುತ್ತಾರೆ. ಅದರ ಮುಂದಿನ ಭಾಗವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಸಹೀಹ್ ಬುಖಾರಿಯ ವರದಿಯಂತೆ, ಆ ದಾರಿಯಾಗಿ ಹೋಗುತ್ತಿದ್ದ ಜುರ್ಹುಮ್ ಗೋತ್ರದವರು ಆಕಾಶದಲ್ಲಿ ಸುತ್ತುವ ಹಕ್ಕಿಯನ್ನು ಕಂಡು ಅಲ್ಲಿ ನೀರಿದೆಯೆಂದು ಊಹಿಸಿದರು. ಬಂದು ನೋಡಿದರೆ ಝಮ್‌ಝಮ್‌ನ ಬಳಿ ಒಬ್ಬ ತಾಯಿ ಮತ್ತು ಮಗು. ಅವರು ಬಲವಂತ ಮಾಡಲಿಲ್ಲ, ಇಲ್ಲಿ ನೆಲೆಸಲು ನಮಗೆ ಅನುಮತಿಯುಂಟೇ ಎಂದು ಆ ತಾಯಿಯನ್ನು ಕೇಳಿದರು. ಅವರು ಒಪ್ಪಿದರು, ಆದರೆ ಒಂದು ಷರತ್ತಿನೊಂದಿಗೆ: ನೀರಿನ ಒಡೆತನ ನಿಮ್ಮದಾಗದು. ಆಮೇಲೆ ಜುರ್ಹುಮ್‌ನವರು ತಮ್ಮ ಮನೆಯವರನ್ನೆಲ್ಲ ಕರೆಸಿ ನೆಲೆಸಿದರು.

ಊರು ಹುಟ್ಟುವ ಮೊದಲೇ ಒಬ್ಬ ಹೆಣ್ಣುಮಗಳು ನೀರಿನ ಹಕ್ಕನ್ನು ಸ್ಪಷ್ಟಪಡಿಸಿದ್ದರು. ನಮ್ಮ ಮನೆಗಳಲ್ಲಿ ನಡೆಯುವುದೇನು? ಸೈಟು ನೋಡುವವರು ಗಂಡಸರು, ಮುಂಗಡ ಕೊಡುವವರು ಗಂಡಸರು. ಗೃಹಪ್ರವೇಶದ ಮರುದಿನ ಕೊಡ ಹಿಡಿದು ಟ್ಯಾಂಕರ್ ಕಾಯುವವರು ಮಾತ್ರ ಹೆಂಗಸರು. ಊರು ಬದಲಿಸುವಾಗ ಮನೆಯವರನ್ನು ಕೇಳದಿರುವುದು ಶಿರಾಕ್ಕೆ ಹಳೆಯ ಅಭ್ಯಾಸವೆಂದೂ ಹೇಳಬಹುದು. 1687ರ ನಂತರ ಮೊಗಲರ ಪ್ರಾಂತ್ಯದ ರಾಜಧಾನಿಯಾಗಿ ತುಂಬಿ ತುಳುಕಿದ್ದ ಪಟ್ಟಣದಿಂದ ಟಿಪ್ಪು ಸುಲ್ತಾನರು 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದರೆಂದು ಗೆಜೆಟಿಯರ್ ಹೇಳುತ್ತದೆ. ಟಿಪ್ಪುವನ್ನು ಗೌರವಿಸುವ ನನಗೂ ಆ ಸಾಲು ಓದುವಾಗ ಆ ಮನೆಗಳ ಒಲೆಗಳ ನೆನಪಾಗುತ್ತದೆ.

ಆದ್ದರಿಂದ ಈ ಸಲ ಸೈಟು ನೋಡಲು ಪತ್ನಿಯನ್ನೂ ಅಮ್ಮಿಯನ್ನೂ ಕರೆದೊಯ್ದೆ. ಏಪ್ರಿಲ್ ಕೊನೆಯ ವಾರ. ಕೆರೆಯಲ್ಲಿ ನಡುವೆ ಒಂದಿಷ್ಟು ಹಸಿರು ನೀರು, ಉಳಿದುದೆಲ್ಲ ಬಿರುಕುಬಿಟ್ಟ ಮಣ್ಣು ಮತ್ತು ಜಾಲಿ. ಮಾರುವವರ ಕಡೆಯ ಹುಡುಗ ನನಗೆ ನಕ್ಷೆ ತೋರಿಸುತ್ತಿದ್ದಾಗ ಪತ್ನಿ ಕಾವಲುಗಾರನ ಗುಡಿಸಲಿನತ್ತ ಹೋಗಿ ಅವನ ಹೆಂಡತಿಯೊಡನೆ ಮಾತಿಗಿಳಿದಳು. ಹತ್ತು ನಿಮಿಷದಲ್ಲಿ ಅವಳಿಗೆ ತಿಳಿದದ್ದು ನನಗೆ ಒಂದು ಗಂಟೆಯಲ್ಲೂ ತಿಳಿಯಲಿಲ್ಲ. ಎರಡು ಬೋರ್‌ವೆಲ್ ಕೊರೆದಿದ್ದಾರೆ, ಒಂದು ನಿಂತಿದೆ. ಇನ್ನೊಂದರ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯಲು ಪಕ್ಕದ ಹಳ್ಳಿಯ ಶುದ್ಧ ನೀರಿನ ಘಟಕಕ್ಕೆ ಕ್ಯಾನು ಹೊರಬೇಕು.

ನಮ್ಮ ಭಾಗದ ಆಳದ ನೀರಿನಲ್ಲಿ ಫ್ಲೋರೈಡ್ ದೊಡ್ಡ ಸಮಸ್ಯೆ, ಪಾವಗಡದವರಿಗಂತೂ ಹೇಳಬೇಕಾಗಿಯೇ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಸರಿಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತದೆ.

ಕಾಗದದ ವಿಷಯವನ್ನೂ ಹೇಳಿಬಿಡುತ್ತೇನೆ. ಅನ್ಯಕ್ರಾಂತದ ಆದೇಶ, ಇ-ಸ್ವತ್ತು, ಋಣಭಾರ ಪತ್ರ ಇವುಗಳನ್ನು ಎಲ್ಲರೂ ಕೇಳುತ್ತಾರೆ. ಸರ್ವೆ ನಕ್ಷೆಯಲ್ಲಿ ಕೆರೆಯ ಗಡಿ, ಕೋಡಿ ಹಳ್ಳ, ರಾಜಕಾಲುವೆ ಎಲ್ಲಿದೆ ಎಂದು ಕೇಳುವವರು ಕಡಿಮೆ. 2014ರ ಕೆರೆ ಸಂರಕ್ಷಣಾ ಕಾಯ್ದೆ ಬಂದಾಗ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದೆಂದಿತ್ತು. ಆ ಅಂತರವನ್ನು ಬದಲಿಸುವ ಯತ್ನಗಳೂ ನಡೆದಿರುವುದರಿಂದ ಖರೀದಿಯ ದಿನ ಜಾರಿಯಲ್ಲಿರುವುದನ್ನು ವಿಚಾರಿಸಬೇಕು. ಬತ್ತಿದ ಕೆರೆಯ ಗಡಿ ಕಣ್ಣಿಗೆ ಕಾಣುವುದಿಲ್ಲ, ನಕ್ಷೆಯಲ್ಲಿ ಮಾತ್ರ ಇರುತ್ತದೆ. ನಾವು ನೋಡಿದ ಸೈಟಿನ ನಕ್ಷೆಯನ್ನು ಕೇಳಿದ್ದೇವೆ, ಇನ್ನೂ ಬಂದಿಲ್ಲ.

ಹಿಂದಿರುಗುವಾಗ ಭಾವಮೈದುನ ಮಂಕಾಗಿದ್ದ. “ಆಪಾ, ನಿಮಗೆ ಇಷ್ಟವಾಗಲಿಲ್ಲವೇ?” ಎಂದು ಅಕ್ಕನನ್ನು ಕೇಳಿದ. “ಗಾಳಿ ಚೆನ್ನಾಗಿದೆ” ಎಂದಳು ಅವಳು. “ಆ ಬೋರ್‌ವೆಲ್ ನೀರನ್ನು ಸರಕಾರದ ಪ್ರಯೋಗಾಲಯಕ್ಕೆ ಕೊಡೋಣ. ಬೇಸಿಗೆ ಪೂರ್ತಿ ಕಳೆಯಲಿ. ಮಳೆಗಾಲದಲ್ಲಿ ಇನ್ನೊಂದು ಸಲ ಬಂದು ಕೋಡಿ ಯಾವ ಕಡೆ ಹರಿಯುತ್ತದೆ ನೋಡೋಣ. ಅಲ್ಲಿಯವರೆಗೆ ಮುಂಗಡ ಕೊಡುವುದು ಬೇಡ.”

ಅಮ್ಮಿ ಹಿಂದಿನ ಸೀಟಿನಲ್ಲಿ ತಸ್ಬೀಹ್ ಎಣಿಸುತ್ತಿದ್ದರು. ಅವರೂ ತಲೆಯಾಡಿಸಿದರು. ನೀರಿನ ಬಾಟಲಿ ಪತ್ನಿಯ ಚೀಲದಲ್ಲಿತ್ತು. ಕಾವಲುಗಾರನ ಹೆಂಡತಿಯಿಂದ ಅವಳು ಆಗಲೇ ತುಂಬಿಸಿಕೊಂಡಿದ್ದಳು.