ಕೆ-ಲೈನ್ ಕೇಬಲ್: ನಾನೂರು ರೂಪಾಯಿಯ ಲೆಕ್ಕ

ಹಳೆಯ ಕಾರಿನ ಎಂಜಿನ್ ಕಂಪ್ಯೂಟರಿನ ಮಾತನ್ನು ಲ್ಯಾಪ್‌ಟಾಪಿನಲ್ಲಿ ಓದಲು ಬೇಕಾದ ಸರ್ಕ್ಯೂಟ್ ತೀರ ಚಿಕ್ಕದು. ಒಂದು ಎಲ್‌ಎಂ393 ಐಸಿ, ಎರಡು ಬಿಸಿ547 ಟ್ರಾನ್ಸಿಸ್ಟರ್, ಆರು ರೆಸಿಸ್ಟರ್, ಒಂದು ಡಯೋಡ್, ಒಂದು ಫ್ಯೂಸ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಕೊಂಡರೆ ಬೋರ್ಡೂ ಸೇರಿ ನೂರು ರೂಪಾಯಿಯ ಒಳಗೆ ಮುಗಿಯುವ ವ್ಯಾಪಾರ. ದುಡ್ಡು ಹೋಗುವುದು ಬೇರೆ ಕಡೆ: ಯುಎಸ್‌ಬಿ-ಟಿಟಿಎಲ್ ಬೋರ್ಡಿಗೆ ಸುಮಾರು 150, 16 ಪಿನ್ನಿನ ಒಬಿಡಿ ಪ್ಲಗ್ಗಿಗೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು 400ರ ಆಸುಪಾಸು.

ಐಎಸ್‌ಒ 9141-2 ಪದ್ಧತಿಯಲ್ಲಿ ಹೇಳುವುದೂ ಕೇಳುವುದೂ ಒಂದೇ ತಂತಿಯ ಮೇಲೆ. ಅದೇ ಕೆ-ಲೈನ್. ಸುಮ್ಮನಿದ್ದಾಗ ಅದನ್ನು ಬ್ಯಾಟರಿಯ ಮಟ್ಟಕ್ಕೆ ಎತ್ತಿ ಹಿಡಿಯುವುದು 510 ಓಮ್‌ನ ರೆಸಿಸ್ಟರ್. ಜಿಪುಣತನ ಮಾಡಬಾರದ ಜಾಗ ಇದೊಂದೇ. ಲೈನು ಸೊನ್ನೆಗೆ ಇಳಿದಾಗ, 12 ವೋಲ್ಟಿನಲ್ಲಿ ಅದರ ಮೂಲಕ 23.5 ಮಿಲಿಆಂಪ್ ಹರಿಯುತ್ತದೆ, 0.28 ವ್ಯಾಟ್ ಬಿಸಿಯಾಗುತ್ತದೆ. ಎಂಜಿನ್ ಓಡುತ್ತಿದ್ದು 14.4 ವೋಲ್ಟ್ ಇದ್ದರೆ 28 ಮಿಲಿಆಂಪ್, 0.41 ವ್ಯಾಟ್. ಅಂಗಡಿಯಲ್ಲಿ ಏನೂ ಹೇಳದಿದ್ದರೆ ಕೈಗೆ ಬರುವುದು ಕಾಲು ವ್ಯಾಟಿನದು. ಸಾಫ್ಟ್‌ವೇರ್ ಹ್ಯಾಂಗ್ ಆಗಿ ಲೈನು ಕೆಳಗೇ ನಿಂತರೆ ಅದು ಕರಕಲಾಗುತ್ತದೆ. ಅರ್ಧ ವ್ಯಾಟಿನದೇ ಕೇಳಿ; ಹೆಚ್ಚಿಗೆ ಬೀಳುವುದು ಚಿಲ್ಲರೆ ಕಾಸು.

ಲೈನನ್ನು ಕೇಳಲು ಎಲ್‌ಎಂ393ರ ಅರ್ಧ ಸಾಕು, ಉಳಿದರ್ಧ ಖಾಲಿ ಇದೆಯಲ್ಲ, ಲೈನನ್ನು ಇಳಿಸಲು ಅದನ್ನೇ ಹಚ್ಚಬಾರದೇಕೆ ಎನ್ನುವವರುಂಟು. ಅದು ಖಾತ್ರಿಯಾಗಿ ಎಳೆಯುವುದು 6 ಮಿಲಿಆಂಪ್ ಮಾತ್ರ, ಇಲ್ಲಿ ಬೇಕಿರುವುದು 28. ಬಿಸಿ547 ನೂರರವರೆಗೂ ತಾಳುತ್ತದೆ.

ವೇಗ ಸೆಕೆಂಡಿಗೆ 10,400 ಬಿಟ್. ಹಳೆಯ ಸೀರಿಯಲ್ ಪೋರ್ಟಿನಲ್ಲಿ 1,15,200ನ್ನು 11ರಿಂದ ಭಾಗಿಸಿದರೆ 10,473 ಸಿಗುತ್ತದೆ, ಶೇ. 0.7ರ ವ್ಯತ್ಯಾಸ ಎಂಜಿನ್ ಕಂಪ್ಯೂಟರಿಗೆ ಲೆಕ್ಕಕ್ಕಿಲ್ಲ. ಪೇಚಾಟವೆಲ್ಲ ಅದನ್ನು ಎಬ್ಬಿಸುವುದರಲ್ಲಿ. ಹೆಕ್ಸ್ 33 ಎಂಬ ವಿಳಾಸವನ್ನು ಸೆಕೆಂಡಿಗೆ 5 ಬಿಟ್‌ನಂತೆ ಕಳಿಸಬೇಕು: ಆರಂಭ ಮತ್ತು ಕೊನೆಯ ಬಿಟ್ ಸೇರಿ ಹತ್ತು, ಒಂದೊಂದಕ್ಕೆ 200 ಮಿಲಿಸೆಕೆಂಡ್, ಒಟ್ಟು ಎರಡು ಸೆಕೆಂಡ್. ಯುಎಸ್‌ಬಿ-ಟಿಟಿಎಲ್ ಬೋರ್ಡುಗಳಲ್ಲಿ ಬರುವ ಎಫ್‌ಟಿ232ಆರ್ ಚಿಪ್ 183 ಬಾಡ್‌ಗಿಂತ ಕೆಳಗಿಳಿಯುವುದಿಲ್ಲ. ಹಾಗಾಗಿ ಪ್ರೋಗ್ರಾಮೇ ಲೈನನ್ನು ಒಂದೊಂದು ಬಿಟ್‌ಗೂ ಎತ್ತಿ ಇಳಿಸಬೇಕು. ಸರಿಯಾಗಿದ್ದರೆ ಹೆಕ್ಸ್ 55 ಎಂಬ ಉತ್ತರ ಬರುತ್ತದೆ.

ಆಮೇಲೂ ಅವಸರಕ್ಕೆ ಆಸ್ಪದವಿಲ್ಲ. ಆರ್‌ಪಿಎಂ ಕೇಳುವ ಸಂದೇಶ 6 ಬೈಟ್, ಉತ್ತರ 8 ಬೈಟ್. ನಾವು ಕಳಿಸುವ ಬೈಟ್‌ಗಳ ನಡುವೆ 5, ಉತ್ತರಕ್ಕೆ ಮೊದಲು 25, ಮುಂದಿನ ಪ್ರಶ್ನೆಗೆ ಮೊದಲು 55 ಮಿಲಿಸೆಕೆಂಡ್ ಕನಿಷ್ಠ ಬಿಡುವು ಸೇರಿಸಿದರೆ ಒಂದು ಸುತ್ತಿಗೆ ಸುಮಾರು 118 ಮಿಲಿಸೆಕೆಂಡ್. ಸೆಕೆಂಡಿಗೆ ಎಂಟು ಅಂಕಿಗಿಂತ ಹೆಚ್ಚು ಓದಲಾಗದು. ಉತ್ತರದಲ್ಲಿ ಹೆಕ್ಸ್ 0ಸಿ 80 ಬಂದರೆ ಅದು 3,200. ನಾಲ್ಕರಿಂದ ಭಾಗಿಸಿದರೆ 800 ಆರ್‌ಪಿಎಂ, ಐಡ್ಲಿಂಗ್.

ಅಮೆರಿಕದಲ್ಲಿ 2008ರ ಮಾಡೆಲ್‌ನಿಂದ ಕಾರುಗಳಿಗೆ ಕ್ಯಾನ್ ಪದ್ಧತಿ ಕಡ್ಡಾಯವಾಯಿತು. ಕ್ಯಾನ್ ಕಾರುಗಳಲ್ಲಿ ಈ ಕೇಬಲ್ ನಡೆಯದು. ಅಂಗಡಿಗೆ ಹೊರಡುವ ಮುನ್ನ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಟಾರ್ಚ್ ಬಿಟ್ಟು ನೋಡಿ. ಕೆ-ಲೈನಿನ 7ನೇ ತೂತಿನಲ್ಲಿ ಲೋಹದ ಪಿನ್ ಇದ್ದರೆ ಸಾಮಾನು ತನ್ನಿ. ಕ್ಯಾನ್‌ನ 6 ಮತ್ತು 14ರಲ್ಲಿ ಪಿನ್ ಇದ್ದು 7 ಖಾಲಿಯಿದ್ದರೆ ನಾನೂರು ರೂಪಾಯಿ ಉಳಿಸಿಕೊಳ್ಳಿ.